ಮನೆಯಲ್ಲಿ ಕಾಯಿಲೆ ಇರುವಾಗ ಹೊಲಕ್ಕೆ ಹೊಸ ಯಂತ್ರ ತರಬೇಕೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಸಣ್ಣ ಹಿಡುವಳಿದಾರರಿಂದ ಈ ಸಲ ಬಂದ ಪತ್ರಗಳಲ್ಲಿ ಒಂದೇ ಬಗೆಯ ಗೊಂದಲವಿದೆ. ನಾಟಿ ಯಂತ್ರ, ಹನಿ ನೀರಾವರಿ, ಡ್ರೋನ್ ಎಲ್ಲದರ ಮೇಲೂ ಮನಸ್ಸಿದೆ, ಆದರೆ ಮನೆಯಲ್ಲೊಬ್ಬರು ಹಾಸಿಗೆ ಹಿಡಿದಿದ್ದಾರೆ. ಸಬ್ಸಿಡಿ ಅರ್ಜಿಯ ಜೊತೆ ಪಹಣಿ, ಆಧಾರ್, ಪಾಸ್‌ಬುಕ್ ಕೇಳುತ್ತಾರೆ. ಮನೆಯಲ್ಲಿ ದುಡಿಯುವ ಕೈ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ. ಬೇಸಾಯವನ್ನೂ ಆಸ್ಪತ್ರೆಯ ವ್ಯವಹಾರವನ್ನೂ ಬಲ್ಲವರಿಂದ ಉತ್ತರ ಬರೆಸಿದ್ದೇವೆ. ಪತ್ರ ಬರೆದವರ ಹೆಸರು ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಆಲೂರು ತಾಲ್ಲೂಕು, ಎರಡು ಎಕರೆ ಗದ್ದೆ. ನಮ್ಮ ಮನೆಯವರಿಗೆ ಬೆನ್ನುಮೂಳೆ ಆಪರೇಷನ್ ಆಗಿದೆ, ಬಗ್ಗಿ ನಾಟಿ ಹಾಕುವಂತಿಲ್ಲ. ಮುಯ್ಯಾಳಿಗೆ ನಮ್ಮ ಮನೆಯಿಂದ ಯಾರೂ ಹೋಗದ ಮೇಲೆ ನಮ್ಮ ಗದ್ದೆಗೂ ಯಾರೂ ಬರುವುದಿಲ್ಲ. ಬಾಡಿಗೆಗೆ ನಾಟಿ ಯಂತ್ರ ತರಿಸಬಹುದೆ? ಸಸಿ ನಾವೇ ಬೆಳೆಸಿಕೊಡಬೇಕಂತೆ.

ಉತ್ತರ: ತರಿಸಬಹುದು. ನಿಮ್ಮ ಮನೆಯ ಸ್ಥಿತಿಗೆ ಹೊಂದುವ ಯಂತ್ರವೇ ಅದು. ಆದರೆ ಬಾಡಿಗೆ ಕೊಡುವವರು ಸಾಮಾನ್ಯವಾಗಿ ಬಾಯಿಬಿಡದ ಒಂದು ಸಂಗತಿಯಿದೆ. ಹಳೆಯ ಸಸಿಮಡಿ ನಿಮಗಾಗಿ ಕಾಯುತ್ತದೆ. 25 ದಿನದ ಪೈರನ್ನು ಒಂದು ವಾರ ತಡವಾಗಿ ಕಿತ್ತರೆ ಇಳುವರಿ ಸ್ವಲ್ಪ ತಗ್ಗೀತು, ಅಷ್ಟೆ. ಯಂತ್ರಕ್ಕೆಂದು ಬೆಳೆಸುವ ಚಾಪೆ ಸಸಿ ಕಾಯುವುದಿಲ್ಲ. ಮೂರು ನಾಲ್ಕು ಎಲೆ ಬಂದು, 12ರಿಂದ 15 ಸೆಂ.ಮೀ. ಎತ್ತರ ಇರುವಾಗ, ಅಂದರೆ 15ರಿಂದ 18ನೇ ದಿನದೊಳಗೆ ಅದು ಗದ್ದೆಗೆ ಇಳಿಯಬೇಕು. 20 ದಿನ ದಾಟಿತೆಂದರೆ ಬೇರು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಯಂತ್ರದ ಬೆರಳು ಎಳೆದಾಗ ಸಸಿ ಹರಿಯುತ್ತದೆ, ಸಾಲಿನಲ್ಲಿ ಅಲ್ಲಲ್ಲಿ ಖಾಲಿ ಬೀಳುತ್ತದೆ. ಸರಿಯಾಗಿ ಆ ನಾಲ್ಕು ದಿನದಲ್ಲೇ ಹಾಸನಕ್ಕೆ ಮರುತಪಾಸಣೆಗೆ ಹೋಗಿ ಅಲ್ಲೇ ಉಳಿಯಬೇಕಾಗಿ ಬಂದರೆ ಸಸಿಯೂ ಹೋಯಿತು, ಬೀಜದ ದುಡ್ಡೂ ಹೋಯಿತು.

ಆದ್ದರಿಂದ ಲೆಕ್ಕವನ್ನು ಹಿಂದುಮುಂದಾಗಿ ಹಾಕಿ. ಡಾಕ್ಟರ ಚೀಟಿಯಲ್ಲಿರುವ ಮುಂದಿನ ತಾರೀಖು ಮೊದಲು ನೋಡಿ, ಅದರ ಆಚೀಚೆ ಮೂರು ದಿನ ಬಿಟ್ಟು ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ದಿನ ಗೊತ್ತು ಮಾಡಿ. ಅಲ್ಲಿಂದ ಹಿಂದಕ್ಕೆ ಎಣಿಸಿ ಬೀಜ ಚೆಲ್ಲಿ. ಅರ್ಧವನ್ನು 17 ದಿನ ಮೊದಲು, ಉಳಿದರ್ಧವನ್ನು 14 ದಿನ ಮೊದಲು ಚೆಲ್ಲಿದರೆ, ಮಳೆಗೋ ರಿಪೇರಿಗೋ ಯಂತ್ರ ಮೂರು ದಿನ ತಡವಾದರೂ ಒಂದು ಎಕರೆಯ ಸಸಿಯಾದರೂ ಹದವಾಗಿ ಸಿಗುತ್ತದೆ.

ಎಕರೆಗೆ ಸುಮಾರು 15 ಕೆ.ಜಿ. ಬೀಜ, 40 ಚದರ ಮೀಟರ್ ಜಾಗ ಸಾಕು. ಟ್ರೇ ಆದರೆ 80ರಿಂದ 100 ಬೇಕು. ಮಣ್ಣನ್ನು ಜರಡಿ ಹಿಡಿಯಲೇಬೇಕು, ಒಂದು ಸಣ್ಣ ಕಲ್ಲು ಸಿಕ್ಕಿದರೂ ಯಂತ್ರದ ಬೆರಳು ಬಾಗುತ್ತದೆ. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಪುಡಿಯಾದ ಕೊಟ್ಟಿಗೆ ಗೊಬ್ಬರ ಸೇರಿಸಿ ಪ್ಲಾಸ್ಟಿಕ್ ಹಾಳೆಯ ಮೇಲೆ 2 ಸೆಂ.ಮೀ. ದಪ್ಪ ಹರಡಿ. ಬೀಜ ಒಂದು ದಿನ ನೆನೆದು ಒಂದು ದಿನ ಕಾವಿನಲ್ಲಿದ್ದು ಮೊಳಕೆಯ ತುದಿ ಬಿಳಿಯಾಗಿ ಇಣುಕಿದಾಗಲೇ ಚೆಲ್ಲಬೇಕು. ಮೊಳಕೆ ಉದ್ದವಾದರೆ ಗಂಟು ಗಂಟಾಗಿ ಬೀಳುತ್ತದೆ. ಮೇಲೆ ಹುಲ್ಲು ಮುಚ್ಚಿ, ಮೊದಲ ಐದು ದಿನ ದಿನಕ್ಕೆರಡು ಸಲ ತೆಳುವಾಗಿ ನೀರು ಚಿಮುಕಿಸಬೇಕು. ಬೆನ್ನಿನ ತೊಂದರೆ ಇರುವವರು ನಿಂತೇ ಪೈಪ್ ಹಿಡಿದು ಈ ಕೆಲಸ ಮಾಡಬಹುದು. ಒದ್ದೆ ಟ್ರೇ ಎತ್ತುವುದು ಮಾತ್ರ ಅವರಿಗೆ ಬೇಡವೇ ಬೇಡ.

ಗದ್ದೆ ಕೆಸರು ಮಾಡಿದ ಕೂಡಲೇ ಯಂತ್ರ ಇಳಿಸಬೇಡಿ. ಒಂದೆರಡು ದಿನ ಕೂರಲು ಬಿಡಿ. ಕೆಸರಿನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ನಿಧಾನಕ್ಕೆ ಅರ್ಧ ಮುಚ್ಚಿಕೊಂಡರೆ ಹದ. ಎಳೆದ ತಕ್ಷಣ ಮುಚ್ಚಿಕೊಂಡರೆ ಸಸಿ ಮುಳುಗುತ್ತದೆ, ಮುಚ್ಚದೇ ಹಾಗೇ ನಿಂತರೆ ಸಸಿ ನೆಟ್ಟಗೆ ಕೂರುವುದಿಲ್ಲ. ನೀರು 1ರಿಂದ 2 ಸೆಂ.ಮೀ. ಮೀರಿದರೆ ನೆಟ್ಟದ್ದು ತೇಲುತ್ತದೆ. ಎಳೆ ಸಸಿಯಾದ್ದರಿಂದ ಕಳೆ ಬೇಗ ಮೇಲೇಳುತ್ತದೆ. ನಾಟಿಯಾದ ಮೂರು ದಿನದೊಳಗೆ ಬೆನ್ಸಲ್‌ಫ್ಯೂರಾನ್ ಮೀಥೈಲ್ ಮತ್ತು ಪ್ರೆಟಿಲಾಕ್ಲೋರ್ ಬೆರೆತ ಕಳೆನಾಶಕದ ಹರಳನ್ನು ಎಕರೆಗೆ 4 ಕೆ.ಜಿ.ಯಂತೆ ಮರಳಿನೊಡನೆ ಬೆರೆಸಿ ಎರಚಿ, ನೀರು ತೆಳುವಾಗಿ ನಿಲ್ಲಿಸಿ. ಇದನ್ನು ತಪ್ಪಿಸಿದರೆ ತಿಂಗಳೊಳಗೆ ಕಳೆ ಕೀಳಲು ಬಗ್ಗುವ ಆಳೇ ಬೇಕಾಗುತ್ತದೆ, ಯಂತ್ರ ತಂದದ್ದು ದಂಡವಾಗುತ್ತದೆ. ಮಲೆನಾಡಿನ ಸಣ್ಣ ಮಡಿಗಳಲ್ಲಿ ಮೂಲೆಗಳಿಗೆ ಯಂತ್ರ ತಿರುಗುವುದಿಲ್ಲ. ಅದಕ್ಕೆ ಇಬ್ಬರು ಆಳನ್ನು ಮೊದಲೇ ಹೇಳಿಟ್ಟುಕೊಳ್ಳಿ.

ಪ್ರಶ್ನೆ: ಅರಸೀಕೆರೆ ಕಡೆಯವರು. ತೆಂಗು ಎರಡು ಎಕರೆ, ರಾಗಿ ಒಂದು ಎಕರೆ. ಅಪ್ಪಾಜಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕರೆದುಕೊಂಡು ಹೋಗುವವನು ನಾನೊಬ್ಬನೇ. ತೆಂಗಿಗೆ ಹನಿ ನೀರಾವರಿ ಮಾಡಿಸು ಎನ್ನುತ್ತಾರೆ. ಈಗಲೇ ಮಾಡಿಸಲೇ, ಬೇಡವೇ?

ಉತ್ತರ: ಮಾಡಿಸಿ, ಆದರೆ ಒಂದು ಎಕರೆಗೆ ಮಾತ್ರ. ಡಯಾಲಿಸಿಸ್ ಸುಮಾರು ನಾಲ್ಕು ಗಂಟೆ. ಬಸ್ಸು, ಸರದಿ, ಆಮೇಲಿನ ಸುಸ್ತು ಸೇರಿದರೆ ಇಡೀ ದಿನ ಹೋಗುತ್ತದೆ. ವಾರದಲ್ಲಿ ಎರಡು ದಿನ ಇಬ್ಬರದೂ ಹೋದ ಹಾಗೆ. ನಿಮಗೆ ಉಳಿಯುವುದು ಐದು ದಿನ. ಕಾಲುವೆ ಕಟ್ಟಿ ಪಾತಿಗೆ ನೀರು ತಿರುಗಿಸುವ ಕೆಲಸ ಆ ಐದರಲ್ಲೇ ಎರಡನ್ನು ತಿನ್ನುತ್ತದೆ. ಹನಿಯಲ್ಲಿ ವಾಲ್ವ್ ತಿರುಗಿಸಿದರೆ ಆಯಿತು.

ಲೆಕ್ಕ ಹೀಗೆ: ಬುಡದಿಂದ ಒಂದು ಮೀಟರ್ ದೂರಕ್ಕೆ, ಗಂಟೆಗೆ 8 ಲೀಟರ್ ಬಿಡುವ ನಾಲ್ಕು ಡ್ರಿಪ್ಪರ್ ಇಟ್ಟರೆ ಮರಕ್ಕೆ ಗಂಟೆಗೆ 32 ಲೀಟರ್. ಎಕರೆಗೆ 70 ಮರವೆಂದರೆ ಗಂಟೆಗೆ 2,240 ಲೀಟರ್. ನಿಮ್ಮ ಬೋರ್‌ವೆಲ್ ಅಷ್ಟು ಕೊಡುತ್ತದೆಯೇ ಎಂದು 200 ಲೀಟರಿನ ಡ್ರಮ್ ಇಟ್ಟು ಗಡಿಯಾರ ನೋಡಿ: ಸುಮಾರು ಐದೂವರೆ ನಿಮಿಷದಲ್ಲಿ ತುಂಬಬೇಕು. ತುಂಬದಿದ್ದರೆ ಎಕರೆಯನ್ನು ಎರಡು ಭಾಗ ಮಾಡಿಸಿ, ಭಾಗಕ್ಕೊಂದು ವಾಲ್ವ್ ಹಾಕಿಸಿ. ಕಂಪನಿಯವರು ಅಳೆಯದೇ ಇಡೀ ಎಕರೆಗೆ ಒಂದೇ ವಾಲ್ವ್ ಕೂರಿಸಿ ಹೋದರೆ ಕೊನೆಯ ಸಾಲಿಗೆ ನೀರು ಮುಟ್ಟುವುದಿಲ್ಲ.

ಕಾಯಿಲೆಯಿರುವ ಮನೆಗಳಲ್ಲಿ ಹನಿ ನೀರಾವರಿ ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ, ಫಿಲ್ಟರ್ ತೊಳೆಯುವವರು ಆಸ್ಪತ್ರೆಯಲ್ಲಿರುತ್ತಾರೆ. ಫಿಲ್ಟರಿನ ಎರಡೂ ಬದಿಗೆ ಪ್ರೆಷರ್ ಗೇಜ್ ಹಾಕಿಸಿ. ಮುಳ್ಳುಗಳ ನಡುವೆ ಅರ್ಧ ಕೆ.ಜಿ. ವ್ಯತ್ಯಾಸ ಕಂಡರೆ ಬಿಲ್ಲೆ ಬಿಚ್ಚಿ ಬ್ರಷ್‌ನಿಂದ ತೊಳೆಯಬೇಕು. ಓದು ಬರಹ ಬಾರದ ಅವ್ವನಿಗೂ ಗೇಜಿನ ಮೇಲೆ ಕೆಂಪು ಬಣ್ಣದಿಂದ ಗುರುತು ಹಾಕಿಕೊಟ್ಟರೆ ಗೊತ್ತಾಗುತ್ತದೆ. 15 ದಿನಕ್ಕೊಮ್ಮೆ ಪೈಪಿನ ಕೊನೆಯ ಮುಚ್ಚಳ ತೆಗೆದು ನೀರು ತಿಳಿಯಾಗುವ ತನಕ ಹರಿಯಬಿಡಿ. ನೀರು ಗಡಸಾಗಿ ಡ್ರಿಪ್ಪರ್ ಬಾಯಿಗೆ ಬಿಳಿ ಸುಣ್ಣ ಕಟ್ಟಿದರೆ ಆಸಿಡ್ ಬಿಡಬೇಕಾಗುತ್ತದೆ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಸುರಿಯಬಾರದು. ಈ ಕೆಲಸವನ್ನು ಬಾಡಿಗೆ ಆಳಿಗೆ ಬಿಡಿ, ರೋಗಿ ಹತ್ತಿರ ಸುಳಿಯುವುದು ಬೇಡ.

ತ್ರೀ ಫೇಸ್ ಕರೆಂಟ್ ರಾತ್ರಿ ಬರುವ ಕಡೆ, ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ನಿಮ್ಮಂಥವರಿಗೆ ಹನಿ ಪೈಪಿಗಿಂತಲೂ ಮೊದಲು ಬೇಕಾದದ್ದು. ನೀರಿಲ್ಲದೇ ಓಡಿದರೆ ಮೋಟಾರ್ ನಿಲ್ಲಿಸುವ, ಒಂದು ಫೇಸ್ ಹೋದರೆ ಕಡಿಯುವ ವ್ಯವಸ್ಥೆ ಅದರಲ್ಲೇ ಇರುವುದನ್ನು ನೋಡಿ ಕೊಳ್ಳಿ. ಸಬ್ಸಿಡಿ ಬೇಕಿದ್ದರೆ ತೋಟಗಾರಿಕೆ ಇಲಾಖೆಯ ಮಂಜೂರಾತಿ ಕೈಗೆ ಬರುವ ಮೊದಲು ಸಾಮಾನು ತರಬೇಡಿ.

ಕೇಳದಿದ್ದರೂ ಇನ್ನೆರಡು ಮಾತು. ಫಿಸ್ಟುಲಾ ಮಾಡಿರುವ, ಅಂದರೆ ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿರುವ ಕೈಯಲ್ಲಿ ಅಪ್ಪಾಜಿ ಭಾರ ಎತ್ತಬಾರದು, ಎಂಜಿನ್ ಹಗ್ಗ ಎಳೆಯಬಾರದು. ತೆಂಗಿನ ತೋಟದ ಮನೆಯೆಂದು ದಣಿವಾದಾಗ ಎಳನೀರು ಕೊಡುತ್ತೀರಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕೆಟ್ಟ ಕಿಡ್ನಿ ಅದನ್ನು ಹೊರಹಾಕದೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಬಾಳೆಹಣ್ಣಿನ ವಿಷಯವೂ ಅಷ್ಟೆ.

ಪ್ರಶ್ನೆ: ಹಾಸನ ತಾಲ್ಲೂಕು. ಆಲೂಗಡ್ಡೆ ಒಂದು ಎಕರೆ, ಮುಸುಕಿನ ಜೋಳ ಎರಡು ಎಕರೆ. ಔಷಧಿ ಹೊಡೆದ ರಾತ್ರಿ ಮಗನಿಗೆ ತಲೆನೋವು, ವಾಕರಿಕೆ. ಅವನ ಅಪ್ಪನಿಗೆ ಉಬ್ಬಸ, ಅವರು ಔಷಧಿ ಹೊಡೆಯುವುದು ಬಿಟ್ಟು ಎರಡು ವರ್ಷವಾಯಿತು. ಡ್ರೋನ್‌ನವರಿಗೆ ವಹಿಸಿಬಿಡೋಣವೇ?

ಉತ್ತರ: ಜೋಳಕ್ಕೆ ವಹಿಸಿ. ಎದೆಮಟ್ಟದ ಜೋಳದೊಳಗೆ ನುಗ್ಗಿ ಹೊಡೆಯುವವನಿಗೆ ಆಗಲೇ ಒದ್ದೆಯಾದ ಎಲೆಗಳೇ ಮೈಗೆಲ್ಲ ಔಷಧಿ ಬಳಿಯುತ್ತವೆ. ಡ್ರೋನ್ 10 ಲೀಟರ್ ದ್ರಾವಣದಲ್ಲಿ ಒಂದು ಎಕರೆ ಮುಗಿಸುತ್ತದೆ. ಆಲೂಗಡ್ಡೆಯ ಅಂಗಮಾರಿಗೆ ಮಾತ್ರ ಅದನ್ನೇ ನಂಬಬೇಡಿ. ರೋಗ ಎಲೆಯ ಅಡಿಭಾಗದಲ್ಲಿ, ಬುಡದ ದಟ್ಟಣೆಯಲ್ಲಿ ಹಬ್ಬುತ್ತದೆ, ಗಿಡ ಸಾಲು ಮುಚ್ಚಿದ ಮೇಲೆ ಮೇಲಿನಿಂದ ಬಿದ್ದ ಸಣ್ಣ ಹನಿ ಅಲ್ಲಿಗೆ ಇಳಿಯುವುದು ಕಷ್ಟ. ಅಲ್ಲಿ ಲೀಟರಿಗೆ 2 ಗ್ರಾಂ ಮ್ಯಾಂಕೊಜೆಬ್‌ನಂತೆ ಎಕರೆಗೆ 200 ಲೀಟರ್ ದ್ರಾವಣವೇ ಬೇಕು. ಇನ್ನೊಂದು ವಿಷಯ: ನೀರು ಕಡಿಮೆಯಾದ್ದರಿಂದ ಡ್ರೋನ್ ಟ್ಯಾಂಕಿನ ದ್ರಾವಣ ಬಹಳ ಗಟ್ಟಿ. ಅದನ್ನು ಕಲಸುವವನು ನಿಮ್ಮ ಮಗನೇ ಆದರೆ ಅಪಾಯ ಬೆನ್ನಿನಿಂದ ಕೈಗೆ ವರ್ಗವಾಯಿತು, ಅಷ್ಟೆ.

ಮಗನ ವಾಕರಿಕೆಗೆ ಕಾರಣ ಮ್ಯಾಂಕೊಜೆಬ್ ಒಂದೇ ಇರಲಾರದು. ಅಂಗಡಿಯವರು ‘ಹುಳಕ್ಕೂ ಆಗಲಿ’ ಎಂದು ಜೊತೆಗೆ ಯಾವ ಬಾಟಲಿ ಕೊಟ್ಟರು ನೋಡಿ. ಲೇಬಲ್ಲಿನ ತ್ರಿಕೋನ ಕೆಂಪೋ ಹಳದಿಯೋ ಇದ್ದರೆ ವಿಷ ತೀವ್ರ, ನೀಲಿ ಮಧ್ಯಮ, ಹಸಿರು ಕಡಿಮೆ. ಜೊಲ್ಲು, ವಿಪರೀತ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಮಾಂಸಖಂಡ ಅದುರುವುದು, ಉಸಿರು ಕಟ್ಟುವುದು ಕಂಡರೆ ಅದು ಆರ್ಗನೋಫಾಸ್ಫೇಟ್ ಥರದ ಕೀಟನಾಶಕದ ವಿಷವಿರಬಹುದು. ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆದು, 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ವಾಂತಿ ಮಾಡಿಸಲು ಹೋಗಬೇಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಹಂಗಾಮು ಶುರುವಾಗುವ ಮೊದಲೇ ಒಮ್ಮೆ ರಕ್ತದ ಕೋಲಿನೆಸ್ಟರೇಸ್ (ಈ ವಿಷ ತಗಲಿದರೆ ಇಳಿಯುವ ಅಂಶ) ಪರೀಕ್ಷೆ ಮಾಡಿಸಿಟ್ಟರೆ ಆಮೇಲೆ ಎಷ್ಟು ಇಳಿದಿದೆ ಎಂದು ಹೋಲಿಸಿ ನೋಡಬಹುದು. ಇಳಿದಿದ್ದರೆ ಅದು ಮೇಲೇರುವ ತನಕ ಅವನು ಪಂಪ್ ಮುಟ್ಟಬಾರದು.

ಪಂಪಿನದೂ ಒಂದು ಪರೀಕ್ಷೆ ಇದೆ. 16 ಲೀಟರ್ ಬರೀ ನೀರು ತುಂಬಿ, ಒಣ ಅಂಗಿಯ ಮೇಲೆ ಹೊತ್ತು ಹತ್ತು ನಿಮಿಷ ಹೊಡೆದು ಇಳಿಸಿ. ಅಂಗಿ ಎಲ್ಲಿ ಒದ್ದೆಯಾಗಿದೆ ನೋಡಿ. ಕುತ್ತಿಗೆಯ ಕೆಳಗಾದರೆ ಮುಚ್ಚಳದ ವಾಷರ್ ಸವೆದಿದೆ. ಸೊಂಟದ ಹತ್ತಿರವಾದರೆ ಕೆಳಗಿನ ಪೈಪ್ ಜೋಡಣೆ ಸೋರುತ್ತಿದೆ. ಎಷ್ಟೋ ಸಲ ವಿಷ ಒಳಗೆ ಹೋಗುವುದು ಮೂಗಿನಿಂದಲ್ಲ, ಹೀಗೆ ನೆನೆದ ಬೆನ್ನಿನಿಂದ. ಆಲೂಗಡ್ಡೆಗೆ ಕೆಳಮುಖವಾಗಿ ಹೊಡೆಯುವಾಗ ತೋಳು ಗ್ಲೌಸಿನ ಮೇಲೆ ಬರಬೇಕು, ಮೆಣಸಿನ ಬಳ್ಳಿಗೆ ತಲೆಯ ಮೇಲೆ ಹೊಡೆಯುವಾಗ ಗ್ಲೌಸು ತೋಳಿನ ಮೇಲೆ ಬರಬೇಕು. ಇಲ್ಲದಿದ್ದರೆ ದ್ರಾವಣ ಇಳಿದು ಒಳಗೆ ಸೇರುತ್ತದೆ. ಬಟ್ಟೆಯ ಗ್ಲೌಸು ಬೇಡ, ನೈಟ್ರೈಲ್ ತೆಗೆದುಕೊಳ್ಳಿ. ಕಟ್ಟಿಕೊಂಡ ನಾಝಲ್ ಅನ್ನು ಬಾಯಲ್ಲಿ ಊದಬೇಡಿ, ಹಳೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಳ್ಳಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ನೆನೆಹಾಕಿದರೆ ಒಗೆಯುವವರಿಗೂ ತಗಲುತ್ತದೆ.

ಪ್ರಶ್ನೆ: ಕೊಪ್ಪ. ಕಳೆದ ವರ್ಷ ನಮ್ಮತ್ತೆಗೆ ಮಂಗನ ಕಾಯಿಲೆ ಬಂದು ತಿಂಗಳುಗಟ್ಟಲೆ ಮಲಗಿದ್ದರು. ಅಡಕೆ ತೋಟಕ್ಕೆ ಕಾಡಿನಿಂದ ದರಗು ತರಲು ಈಗ ಯಾರಿಗೂ ಧೈರ್ಯವಿಲ್ಲ. ಬೇರೆ ದಾರಿ ಇದೆಯೇ?

ಉತ್ತರ: ನಿಮ್ಮ ಹೆದರಿಕೆ ಸರಿಯಾಗಿದೆ. ಒಣ ಎಲೆ ಗುಡಿಸುವ ಕಾಲವೂ ಈ ಕಾಯಿಲೆ ಹರಡುವ ಮರಿ ಉಣುಗು ಹೆಚ್ಚುವ ಕಾಲವೂ ಒಂದೇ. ಡಿಸೆಂಬರಿನಿಂದ ಮೇವರೆಗೆ ಕಾಯಿಲೆ ಹರಡುತ್ತದೆ. ಹಳೆಯ ಲಸಿಕೆಯನ್ನು ಸರ್ಕಾರ ನಿಲ್ಲಿಸಿದೆ, ಸದ್ಯಕ್ಕೆ ಕಾಪಾಡುವುದು ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಮತ್ತು ಕಾಡಿನಿಂದ ಬಂದೊಡನೆ ಬಿಸಿನೀರು, ಸೋಪಿನ ಸ್ನಾನ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ತಲೆನೋವು, ನಡುಕದೊಂದಿಗೆ ಮತ್ತೆ ಮರುಕಳಿಸಬಹುದು, ಜ್ವರ ಬಿಟ್ಟಿತೆಂದು ಕೂಡಲೇ ಕೆಲಸಕ್ಕೆ ಇಳಿಸಬಾರದು. ನೋವಿಗೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ, ಈ ಕಾಯಿಲೆಯಲ್ಲಿ ರಕ್ತಸ್ರಾವದ ಭಯವಿದೆ.

ಗೊಬ್ಬರಕ್ಕೆ ತೋಟದ ಸೋಗೆಯೇ ಸಾಕಷ್ಟಿದೆ. ಇಡೀ ಸೋಗೆ ಕೊಳೆಯಲು ವರ್ಷ ಬೇಕು, 10 ಸೆಂ.ಮೀ. ತುಂಡು ಮಾಡಿದರೆ ಎರಡು ಎರಡೂವರೆ ತಿಂಗಳು. ತುಂಡನ್ನು ನೆರಳಿನಲ್ಲಿ ಪದರ ಪದರವಾಗಿ ಹಾಕಿ, ಸಗಣಿ ಬಗ್ಗಡ ಎರಚಿ ಎರಡು ವಾರ ಬಿಡಿ. ಮೊದಲು ಒಳಗೆ ಬಿಸಿಯೇರುತ್ತದೆ, ಆಗ ಎರೆಹುಳು ಬಿಟ್ಟರೆ ಸಾಯುತ್ತವೆ. ಕೈ ಒಳಗಿಟ್ಟಾಗ ತಣ್ಣಗಿದ್ದರೆ ಬಿಡಿ. ಸೋಗೆ ಕತ್ತರಿಸುವ ಯಂತ್ರವನ್ನು ಒಂದು ಮನೆ ಕೊಳ್ಳುವುದು ದಂಡ, ನಾಲ್ಕೈದು ಮನೆ ಸೇರಿ ಬಾಡಿಗೆಗೆ ತನ್ನಿ. ಬೇಲಿಗೆ ಗೊಬ್ಬರದ ಗಿಡ ನೆಟ್ಟರೆ ಎರಡನೇ ವರ್ಷದಿಂದ ಹಸಿಸೊಪ್ಪು ಅಲ್ಲೇ ಸಿಗುತ್ತದೆ. ಕೊಟ್ಟಿಗೆಯ ಹಾಸಿಗೂ ಅದೇ ಆಗುತ್ತದೆ.

ಪ್ರಶ್ನೆ: ಕಡೂರು ತಾಲ್ಲೂಕು, ಮೂರು ಸೀಮೆ ಹಸು. ನನಗೆ ಕೀಲುವಾತ, ಬೆರಳು ಮಡಿಚಲು ಆಗುವುದಿಲ್ಲ. ಹಾಲು ಕರೆಯುವ ಯಂತ್ರ ತರಬಹುದೇ?

ಉತ್ತರ: ಮೂರು ಹಸುವಿಗೆ ದುಬಾರಿಯೇ, ಆದರೆ ಕರೆಯುವ ಕೈ ನಿಮ್ಮದೊಂದೇ ಆದರೆ ತನ್ನಿ. ಕರೆಯುವ ಕಷ್ಟ ತಪ್ಪುತ್ತದೆ, ತೊಳೆಯುವ ಕೆಲಸ ಹೊಸದಾಗಿ ಬರುತ್ತದೆ. ಕರೆದ ಕೂಡಲೇ ತಣ್ಣೀರು, ಆಮೇಲೆ ಬಿಸಿನೀರಿನಲ್ಲಿ ಕ್ಷಾರದ ಪುಡಿ, ವಾರಕ್ಕೊಮ್ಮೆ ಆಸಿಡ್ ತೊಳೆತ. ನಿಮಗೆ ಜ್ವರ ಬಂದ ದಿನ ಇದನ್ನು ಯಾರು ಮಾಡುತ್ತಾರೆ ಎಂಬುದು ಮೊದಲೇ ಗೊತ್ತಿರಲಿ. ಒಂದು ಹೊತ್ತು ತೊಳೆಯದಿದ್ದರೂ ಡೇರಿಯಲ್ಲಿ ಹಾಲು ವಾಪಸ್ ಬರುತ್ತದೆ. ಹಾಲು ನಿಂತ ಮೇಲೂ ಕಪ್ ಬಿಟ್ಟರೆ ಕೆಚ್ಚಲು ಬಾವು. ಕರೆಂಟ್ ಹೋದಾಗ ಅರ್ಧಕ್ಕೆ ನಿಲ್ಲದಂತೆ ಕೈಯಿಂದಲೂ ನಡೆಸಬಹುದಾದ ಮಾದರಿ ಕೇಳಿ.

ಪ್ರಶ್ನೆ: ತರೀಕೆರೆ. ಪವರ್ ವೀಡರ್‌ಗೆಂದು (ಕಳೆ ತೆಗೆಯುವ ಯಂತ್ರ) ಎತ್ತಿಟ್ಟ ದುಡ್ಡು ಅವ್ವನ ಆಪರೇಷನ್‌ಗೆ ಹೋಯಿತು. ಮುಂದೆ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಯಂತ್ರದ ಅರ್ಜಿಗಿಂತ ಮೊದಲು ಮೂರು ಕಾಗದ ಸರಿ ಮಾಡಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಅನೇಕರು ಇದು ಗೊತ್ತಿಲ್ಲದೇ ನೇರವಾಗಿ ದಾಖಲಾಗಿ, ಕಾರ್ಡ್ ಇದ್ದೂ ಕೈಯಿಂದ ಕಟ್ಟುತ್ತಾರೆ. ಎರಡನೆಯದು ಯಶಸ್ವಿನಿ ಆರೋಗ್ಯ ಯೋಜನೆ. ಸಹಕಾರ ಸಂಘದ ಸದಸ್ಯರಿಗೆ ಮಾತ್ರ. 2022-23ರಲ್ಲಿ ಮತ್ತೆ ಶುರುವಾದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂ. ಇತ್ತು. ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ, ಕಾಯಿಲೆ ಬಂದ ಮೇಲೆ ಓಡಿದರೆ ಆಗುವುದಿಲ್ಲ. ಮೂರನೆಯದು ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂ. ಕಡಿಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. ದುಡ್ಡು ಕಡಿಯುವ ತಿಂಗಳು ಖಾತೆಯಲ್ಲಿ 20 ರೂ. ಇಲ್ಲದೇ ಪಾಲಿಸಿ ರದ್ದಾದ ಮನೆಗಳು ಬೇಕಾದಷ್ಟಿವೆ.

ವೀಡರ್ ಸದ್ಯಕ್ಕೆ ಬಾಡಿಗೆಗೆ ತನ್ನಿ. ಸ್ವಂತ ಯಂತ್ರ ನಿಂತಲ್ಲೇ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಅದಕ್ಕಿಂತ ಅವಸರದ್ದು ಸಹಕಾರ ಸಂಘದ ಬೆಳೆ ಸಾಲ ಕಟ್ಟುವುದು. 5 ಲಕ್ಷದವರೆಗಿನ ಶೂನ್ಯ ಬಡ್ಡಿ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ, ಆಸ್ಪತ್ರೆಯಲ್ಲಿದ್ದೆವು ಎಂಬ ಕಾರಣ ನಡೆಯುವುದಿಲ್ಲ. ಅವ್ವನ ಜೊತೆ ನೀವಿದ್ದರೂ ಸರಿ, ಮನೆಯಿಂದ ಯಾರನ್ನಾದರೂ ಸಂಘಕ್ಕೆ ಕಳಿಸಿ, ಅಸಲೆಷ್ಟು, ಕಡೇ ದಿನ ಯಾವುದು ಎಂದು ಕಾರ್ಯದರ್ಶಿಯಿಂದ ಬರೆಸಿಕೊಂಡು ಬರಲಿ.